ಐದೂವರೆ ಅಡಿಯ ಮಂಚ

ಅಮ್ಮ ಸತ್ತ ದಿನ ಅವಳ ಕಾಲು ನೆಟ್ಟಗಾಗಲಿಲ್ಲ. ಮಗಳು ಒಂದು ಮೊಣಕಾಲನ್ನು ಒತ್ತಿ ಹಿಡಿದರೆ ಇನ್ನೊಂದು ಮೇಲೇಳುತ್ತಿತ್ತು. ಮೂರು ವರ್ಷಕ್ಕೂ ಮಿಕ್ಕಿ ಮಡಿಚಿಟ್ಟ ಕಾಲುಗಳಿಗೆ ಬಿಚ್ಚಿಕೊಳ್ಳುವುದೇ ಮರೆತುಹೋಗಿತ್ತು. ಹೊತ್ತೊಯ್ಯಲು ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಕೊನೆಗೆ ಹಾಗೆಯೇ ಬಟ್ಟೆ ಹೊದಿಸಿ ಎತ್ತಿದರು. ಬಟ್ಟೆಯ ಕೆಳಗೆ ಎರಡು ಮೊಣಕಾಲು ಗುಡ್ಡದ ಹಾಗೆ ಎದ್ದು ನಿಂತಿದ್ದವು. ನೋಡಿದವರೆಲ್ಲ ವಾರ ಕಳೆಯುವಷ್ಟರಲ್ಲಿ ಮರೆತರು. ಮಗಳು ಮರೆಯಲಿಲ್ಲ. ಮರೆಯುವ ಪೈಕಿಯೇ ಅಲ್ಲ ಅವಳು.

ಆಫೀಸಿನಲ್ಲಿ ಅವಳಿಗೆ ಮೂಲೆಮಟ್ಟ ಎಂದು ಹೆಸರು. ಗೋಡೆಯ ಮೂಲೆ ಸರಿಯಾಗಿ ಕೂತಿದೆಯೇ ಎಂದು ನೋಡಲು ಗಾರೆ ಕೆಲಸದವರು ಇಟ್ಟು ನೋಡುವ ಕಬ್ಬಿಣದ ಪಟ್ಟಿ ಅದು. ಎತ್ತರದ ಆಳು, ಕುರ್ಚಿಯಲ್ಲಿ ಕೂತರೂ ಬೆನ್ನು ಬಾಗದು, ಬಾಯಿ ತೆರೆದರೆ ಮಾತೂ ಬಾಗದು. ಕೈಚೀಲದಲ್ಲಿ ಬಾಚಣಿಗೆ ಇರಲಿ ಬಿಡಲಿ, ಅಳತೆ ಟೇಪು ಇದ್ದೇ ಇರುತ್ತದೆ. ಇಪ್ಪತ್ತೇಳು ವರ್ಷದಿಂದ ಮನೆಗಳ ನಕ್ಷೆ ಬರೆಯುತ್ತಿದ್ದಾಳೆ. ಮನೆ ಕಟ್ಟಿ ಮಾರುವ ಆ ಕಂಪನಿ ಅವಳ ಅಣ್ಣನದು. ತಂಗಿ ಅಂತ ಕರೆದು ಕೆಲಸ ಕೊಟ್ಟೆ ಎಂದು ಅಣ್ಣ ಊರೆಲ್ಲ ಹೇಳಿಕೊಂಡು ತಿರುಗಿದ. ತಂಗಿ ಅಂತಲೇ ಅರ್ಧ ಸಂಬಳ ಕೊಟ್ಟೆ ಎನ್ನುವುದನ್ನು ಮಾತ್ರ ಹೊಟ್ಟೆಯಲ್ಲೇ ಇಟ್ಟುಕೊಂಡ. ಸೇರಿದ ಮೊದಲ ದಿನವೇ ಅವನು ಅವಳನ್ನು ಪಕ್ಕಕ್ಕೆ ಕರೆದು, "ಆಫೀಸಲ್ಲಿ ನೀನು ಗೀನು ಅನ್ಬೇಡ, ನಾಲ್ಕು ಜನ ನೋಡ್ತಾರೆ" ಎಂದಿದ್ದ. ಅಂದಿನಿಂದ ನಾಲ್ಕು ಜನರ ಮುಂದೆ ಅವಳು ಅಣ್ಣನಿಗೆ ಬಹುವಚನ ಬಿಟ್ಟು ಮಾತಾಡಿಲ್ಲ.

ಊರು ಹೇಗೆ ಬದುಕುತ್ತಿದೆ ಎಂದು ತಿಳಿಯಲು ಅವಳಿಗೆ ಪೇಪರ್ ಓದಬೇಕಾಗಿರಲಿಲ್ಲ. ಮೊದಮೊದಲು ಮಕ್ಕಳಿಗೆ ಎರಡು ಕೋಣೆ ಬರೆಯುತ್ತಿದ್ದಳು. ಆಮೇಲೆ ಒಂದಾಯಿತು, ಆಮೇಲೆ ಆ ಒಂದಕ್ಕೂ ಓದುವ ಕೋಣೆ ಎಂದು ಹೆಸರು ಬಂತು. ಅಡುಗೆಮನೆ ವರ್ಷಕ್ಕೊಂದು ಗೇಣು ಕುಗ್ಗುತ್ತ ಹೋಗಿ ಈಗ ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ಕಾಯಬೇಕು. ಬಾಲ್ಕನಿಗೆ ಗಾಜು ಹಾಕಿ ಕಂಪ್ಯೂಟರ್ ಮೇಜು ಇಟ್ಟರು. ನಡುವೆ ಒಂದಷ್ಟು ವರ್ಷ ಬರೀ ಒಂಟಿ ಜನಕ್ಕೆಂದು ಬೆಂಕಿಪೊಟ್ಟಣದಂಥ ಮನೆಗಳು. ಬಾಗಿಲು ತೆರೆದರೆ ಮಂಚ, ಮಂಚದಿಂದ ಇಳಿದರೆ ಒಲೆ. ಮದುವೆ ತಡವಾದದ್ದು, ಮಕ್ಕಳು ಕಡಿಮೆಯಾದದ್ದು, ಮುದುಕರು ಹೆಚ್ಚಾದದ್ದು, ಎಲ್ಲವೂ ಗೋಡೆಯಾಗಿ ಅವಳ ಮೇಜಿನ ಮೇಲೆ ಬಂದು ಬೀಳುತ್ತಿತ್ತು. ಅವಳು ಗೆರೆ ಎಳೆದು ಕೊಡುತ್ತಿದ್ದಳು.

ಅಮ್ಮನ ಕಾಲು ಮಡಿಸಿದ ಮಂಚದ ಕಥೆ ಶುರುವಾದದ್ದು ಇಪ್ಪತ್ತೆರಡು ವರ್ಷದ ಹಿಂದೆ. ಎರಡೂವರೆ ಕೋಣೆಯ ಮನೆಗಳೆಂದು ಆಗ ಹೊಸದಾಗಿ ಬಂದಿದ್ದವು. ಆ ಅರ್ಧ ಯಾರಿಗೆ ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಕೊಳ್ಳುವವರಿಗೆಲ್ಲ ಗೊತ್ತಿತ್ತು: ಗಂಡ ತೀರಿಕೊಂಡ ಅಮ್ಮನಿಗೆ. ಅಣ್ಣ ಹಳೆಯ ಮನೆ ಮಾರಿ, ತಾನೇ ಕಟ್ಟಿಸಿದ ಅಂಥದೊಂದು ಮನೆಗೆ ಹೋಗುವವನಿದ್ದ. ನಕ್ಷೆ ಬರೆಯುವಾಗ ಅವಳಿಗೆ ಎಡವಟ್ಟು ಕಣ್ಣಿಗೆ ಬಿತ್ತು. ಅರ್ಧ ಕೋಣೆಯ ಅಗಲ ಐದೂವರೆ ಅಡಿ. ಮಂಚ ಆರೂಕಾಲು. ಅಡ್ಡ ಹಾಕಿದರೆ ಹಿಡಿಸುವುದಿಲ್ಲ, ಉದ್ದಕ್ಕೆ ಹಾಕಿದರೆ ಬಚ್ಚಲಿನ ಬಾಗಿಲು ತೆರೆಯುವುದಿಲ್ಲ.

"ಗೋಡೆ ದೊಡ್ಡದು ಮಾಡೋಕಾಗಲ್ಲ" ಎಂದಿದ್ದ ಅಣ್ಣ. "ಮಂಚ ಚಿಕ್ಕದು ಮಾಡು."

"ಚಿತ್ರದಲ್ಲಾ?"

"ಚಿತ್ರದಲ್ಲೇ. ಜನ ಟೇಪು ಹಿಡ್ಕೊಂಡು ಬರ್ತಾರಾ?"

ಜನ ಬರಲಿಲ್ಲ. ಬ್ರೋಷರಿನಲ್ಲಿ ಆ ಪುಟ್ಟ ಮಂಚ, ಪಕ್ಕದಲ್ಲೊಂದು ಕುರ್ಚಿ, ಹೂದಾನಿ ಎಲ್ಲ ಮುದ್ದಾಗಿ ಕೂತು, ಅರ್ಧ ಕೋಣೆ ಅರಮನೆಯ ಹಾಗೆ ಕಂಡಿತು. ಮನೆಗಳೆಲ್ಲ ಮಾರಿಹೋದವು. ಅಲ್ಲಿಗೆ ಬಿಟ್ಟಿದ್ದರೆ ಅದೊಂದು ವ್ಯಾಪಾರದ ಸುಳ್ಳು, ಅಷ್ಟೇ. ಅಣ್ಣ ಬಡಗಿಯನ್ನು ಕರೆಸಿ, ಚಿತ್ರದಲ್ಲಿದ್ದ ಅಳತೆಗೇ ನಿಜವಾದ ಮಂಚ ಮಾಡಿಸಿದ. ಐದೂವರೆ ಅಡಿ. ಅಮ್ಮನ ಎತ್ತರ ಐದು ಅಡಿ ಎಂಟಿಂಚು.

"ವಯಸ್ಸಾದವರು ಹೇಗೂ ಮುದುಡಿಕೊಂಡೇ ಮಲಗೋದು" ಎಂದ.

"ಪರವಾಗಿಲ್ಲ ಬಿಡು" ಎಂದಳು ಅಮ್ಮ. ಎಲ್ಲಕ್ಕೂ ಅವಳದು ಅದೇ ಮಾತು.

ಮಗಳು ಆಗ ಕೆಲಸದ ಹೆಂಗಸರ ಹಾಸ್ಟೆಲಿನಲ್ಲಿ ಒಂದು ಕೋಣೆಗೆ ನಾಲ್ಕು ಜನರಂತೆ ಇದ್ದಳು. ಕರೆದುಕೊಂಡು ಹೋಗಲು ಅವಳಿಗೆ ಜಾಗವಿರಲಿಲ್ಲ. ವಾರಕ್ಕೊಮ್ಮೆ ಹೋಗಿ ಅಮ್ಮನ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು, ಕೆಳಗೆ ದಿಂಬು ಇಡುತ್ತಿದ್ದಳು. ಅಣ್ಣ ಹಾಲ್‌ನಲ್ಲಿ ಸೋಫಾದ ಮೇಲೆ ಉದ್ದಕ್ಕೆ ಕಾಲು ಚಾಚಿ ಟೀವಿ ನೋಡುತ್ತಿದ್ದ. ಆರಡಿಯ ಮನುಷ್ಯ, ಕಾಲು ಚಾಚುವುದು ಅವನಿಗೆ ಬಲು ಇಷ್ಟ.

ನಕ್ಷೆ ಬರೆಯುವ ಕಂಪ್ಯೂಟರಿನಲ್ಲಿ ಮಂಚ, ಮೇಜು, ಸೋಫಾಗಳ ಚಿತ್ರ ಒಮ್ಮೆ ಬರೆದಿಟ್ಟರೆ ಸಾಕು. ಬೇಕೆಂದಾಗ ಹೆಸರು ಹಿಡಿದು ಕರೆದರೆ ಬಂದು ಕೂರುತ್ತವೆ. ಅಮ್ಮ ಹೋದ ಮೇಲೆ ಅವಳು ಆ ಐದೂವರೆ ಅಡಿಯದಕ್ಕೆ 'ಅಮ್ಮ' ಎಂದೇ ಹೆಸರಿಟ್ಟಳು. ಆರೂಕಾಲು ಅಡಿಯದಕ್ಕೆ 'ಮಂಚ'. ಬ್ರೋಷರಿಗೆ 'ಅಮ್ಮ', ಕಟ್ಟುವ ನಕ್ಷೆಗೆ 'ಮಂಚ'. ಅಂದಿನಿಂದ ಒಮ್ಮೆಯೂ ಅದು ಇಲ್ಲಿಗೆ, ಇದು ಅಲ್ಲಿಗೆ ಹೋಗಲು ಬಿಡಲಿಲ್ಲ ಅವಳು. ಉಳಿದವರು ಯಾರೂ ತಲೆ ಕೆಡಿಸಿಕೊಳ್ಳಲೇ ಇಲ್ಲ. ಆಫೀಸಿನಲ್ಲಿ ಕೋಣೆ ಸಾಕೋ ಸಾಲದೋ ಎಂದು ನೋಡುವ ರೀತಿಯೇ ಅದು: ಮಂಚ ತಂದು ಕೂರಿಸು, ಹಿಡಿಸಿತಾ, ಆಯಿತು. ಎಲ್ಲರೂ ಮಂಚದಿಂದ ಕೋಣೆ ಅಳೆದರು. ಮಂಚವನ್ನು ಅಳೆದವರು ಒಬ್ಬರೂ ಇಲ್ಲ. ಹೇಳಿ ಮಾಡಿಸಿದ ಅಣ್ಣನೇ ಮರೆತುಬಿಟ್ಟಿದ್ದ. ಅಷ್ಟು ವರ್ಷ ಹೇಳಿದ ಸುಳ್ಳು ಅವನಿಗೇ ನಿಜವಾಗಿಹೋಗಿತ್ತು.

ಈಗ ಕಂಪನಿ ನಡೆಸುವವನು ಅಣ್ಣನ ಮಗ. ಮಾತಿನ ಮಲ್ಲ. ಹೊಸ ಕಟ್ಟಡದ ವಿಷಯ ಹೇಳಲು ಎಲ್ಲರನ್ನೂ ಕೂರಿಸಿಕೊಂಡು ಶುರುಮಾಡಿದ.

"ನೋಡಿ, ಈಗ ಒಂದು ಸಂಬಳಕ್ಕೆ ಮನೆ ಬರಲ್ಲ, ಎರಡು ಸಂಬಳಕ್ಕೂ ಬರಲ್ಲ. ಅಪ್ಪ ಅಮ್ಮ ತೊಂಬತ್ತರ ತನಕ ಗಟ್ಟಿಯಾಗಿರ್ತಾರೆ, ಅವರ ಹತ್ರ ಹಳೇ ಮನೆ ಇರುತ್ತೆ. ಅದನ್ನ ಮಾರಿಸೋದು, ಮಕ್ಕಳ ಸಾಲಕ್ಕೆ ಸೇರಿಸೋದು, ಇಬ್ರಿಗೂ ಸೇರಿ ಒಂದು ಮನೆ ಕೊಡೋದು. ಜೊತೆಮನೆ! ಹಿರಿಯರಿಗೆ ಬೇರೆ ಬಾಗಿಲು, ಬೇರೆ ಬಚ್ಚಲು, ಟೀ ಕಾಸೋಕೆ ಸಣ್ಣ ಕಟ್ಟೆ. ಒಟ್ಟಿಗೂ ಇರ್ತಾರೆ, ಒಬ್ಬರ ಮುಖ ಒಬ್ಬರು ನೋಡೋದೂ ಬೇಡ."

ಎಲ್ಲರೂ ನಕ್ಕರು. ಮುದುಕನಾಗಿದ್ದ ಅಣ್ಣನೂ ನಕ್ಕ. ಹೆಂಡತಿ ಹೋಗಿ ನಾಲ್ಕು ವರ್ಷವಾಗಿತ್ತು, ಎಪ್ಪತ್ತೊಂದು ತುಂಬಿತ್ತು.

"ಮೊದಲನೇ ಜೊತೆಮನೆ ನಮ್ದೇ" ಎಂದ ಮಗ. "ಎರಡನೇ ಮಹಡಿ, ಅಲ್ಲಿರೋದು ಅದೊಂದೇ ಮನೆ, ಕೆಳಗೆಲ್ಲ ಅಂಗಡಿ, ಪಾರ್ಕಿಂಗು. ಅದನ್ನೇ ಮಾದರಿ ಅಂತ ಜನಕ್ಕೆ ತೋರಿಸೋಣ. ಅಪ್ಪನ ದೊಡ್ಡ ಮನೆಗೆ ಗಿರಾಕಿ ಸಿಕ್ಕಾಯ್ತು. ಅಲ್ವಾ ಅಪ್ಪಾ?"

ಅಣ್ಣನ ನಗು ಮುಖದ ಮೇಲೆ ಹಾಗೇ ಇತ್ತು, ಕೆಳಗೆ ಏನೋ ಜಾರಿದ್ದು ತಂಗಿಗೆ ಕಂಡಿತು. ಅವಳ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಮೊದಲು ಅವಳು ನಕ್ಷೆಯನ್ನು ಸರಿಯಾಗಿಯೇ ಬರೆದಳು, ಅದನ್ನು ಹೇಳಲೇಬೇಕು. ಅಣ್ಣ ಮಲಗುವ ಕಡೆ, ಎರಡು ಗೋಡೆಗಳ ನಡುವೆ, ಆರೂಮುಕ್ಕಾಲು ಅಡಿ ಬಿಟ್ಟಿದ್ದಳು. ಅಣ್ಣ ಬಂದು ಕನ್ನಡಕ ಏರಿಸಿ ನೋಡಿದ.

"ಆ ಕಡೆ ಹಾಲ್ ಚಿಕ್ಕದಾಯ್ತಲ್ಲ. ಸೊಸೆ ಮನೆಯಲ್ಲೇ ಕೂತು ಕೆಲಸ ಮಾಡ್ತಾಳೆ, ಅವಳಿಗೊಂದು ದೊಡ್ಡ ಮೇಜು ಬೇಕಂತೆ. ನನ್ನ ಕಡೆಯಿಂದ ಒಂಚೂರು ತಗೋ."

"ನಿಮ್ಮ ಕಡೆ ಇರೋದೇ ಇಷ್ಟು."

"ಮಂಚ ಹಿಡಿಸಿದ್ರೆ ಸಾಕು ಕಣೇ. ಮುದುಕನಿಗೆ ಎಷ್ಟು ಬೇಕು?"

ಅವನು ಟೀ ಕುಡಿಯಲು ಹೋದ. ಅವಳು ಪರದೆಯ ಮೇಲೆ ಆ ಕೋಣೆಯನ್ನು ದೊಡ್ಡದು ಮಾಡಿಕೊಂಡಳು. ಆಮೇಲೆ ಗೋಡೆಯನ್ನು ಹದಿನೈದು ಇಂಚು ಒಳಕ್ಕೆ ಸರಿಸಿದಳು, 'ಮಂಚ'ವನ್ನು ಅಳಿಸಿದಳು, 'ಅಮ್ಮ'ನನ್ನು ಕರೆದಳು. ಬಂದು ಕೂತಿತು, ಕರಾರುವಾಕ್ಕಾಗಿ. ಕುರ್ಚಿಗೂ ಜಾಗ ಉಳಿಯಿತು. ಬಚ್ಚಲಿನ ಬಾಗಿಲೂ ತೆರೆಯಿತು.

ಅಣ್ಣ ಮತ್ತೆ ಬಂದು ನೋಡಿ ಹಿಗ್ಗಿಹೋದ. "ನೋಡಿದ್ಯಾ, ಮನಸ್ಸು ಮಾಡಿದ್ರೆ ಜಾಗ ಹೇಗೆ ಹುಟ್ಕೊಳ್ಳುತ್ತೆ! ಮಂಚ ಸರಿಯಾಗಿದೆ ತಾನೇ?"

"ನೀವು ಮಾಡಿಸಿದ ಮಂಚವೇ" ಎಂದಳು.

ಅವನು ರುಜು ಹಾಕಿದ.

ಹಿಂದಿನ ಕಾಲವಾಗಿದ್ದರೆ ಇದೇನೂ ದೊಡ್ಡ ವಿಷಯವಲ್ಲ. ಇಟ್ಟಿಗೆ ಗೋಡೆ, ಬೇಡವೆಂದರೆ ಬೆಳಿಗ್ಗೆ ಒಡೆದು ಸಂಜೆಗೆ ಬೇರೆ ಕಟ್ಟಬಹುದು. ಈ ಕಟ್ಟಡ ಹಾಗಲ್ಲ. ಅಲ್ಯೂಮಿನಿಯಂ ಹಲಗೆಗಳ ಅಚ್ಚು ನಿಲ್ಲಿಸಿ, ಗೋಡೆ ಚಾವಣಿ ಎಲ್ಲ ಒಂದೇ ಏಟಿಗೆ ಕಾಂಕ್ರೀಟು ಸುರಿಯುವುದು. ಇಟ್ಟಿಗೆ ಜೋಡಿಸುವ ಕೈಗಳು ಸಿಗುತ್ತಿಲ್ಲ, ಸಿಕ್ಕರೂ ನಿಲ್ಲುತ್ತಿಲ್ಲ, ಅದಕ್ಕೆ. ಒಮ್ಮೆ ಗಟ್ಟಿಯಾಯಿತೆಂದರೆ ಪ್ರತಿ ಗೋಡೆಯೂ ಕಟ್ಟಡವನ್ನು ಹೊತ್ತಿರುತ್ತದೆ, ಒಂದು ಮೊಳೆ ಹೊಡೆಯಲೂ ಎಂಜಿನಿಯರನ್ನು ಕೇಳಬೇಕು. ಕಂಪನಿಗೆ ಇಂಥದ್ದು ಇದೇ ಮೊದಲು.

ನಕ್ಷೆ ಅಚ್ಚು ಮಾಡುವವರ ಕೈಗೆ ಹೋಗಲು ಮೂರು ವಾರವಿತ್ತು. ಮೂರು ವಾರವೂ ಅವಳು ದಿನಾ ಆ ನಕ್ಷೆಯನ್ನು ತೆರೆದು ನೋಡುತ್ತಿದ್ದಳು. ಒಂದು ಗೆರೆ ಸರಿಸಿದರೆ ಮುಗಿಯಿತು. ಕೊನೆಗೊಂದು ದಿನ ಅಣ್ಣ ಕೋಲೂರಿಕೊಂಡು ಬಂದು ಅವಳ ಎದುರಿನ ಕುರ್ಚಿಯಲ್ಲಿ ಕೂತ. "ಈ ಮೊಣಕಾಲು ನೋಡು, ರಾತ್ರಿಯೆಲ್ಲ ಜೀವ ತಿನ್ನುತ್ತೆ. ಚಾಚಿಕೊಂಡರೆ ಸ್ವಲ್ಪ ವಾಸಿ" ಎಂದ. ಅವಳ ಕೈ ಮೌಸಿನ ಮೇಲಿತ್ತು. ಅಮ್ಮನ ಮೊಣಕಾಲೂ ಜೀವ ತಿಂದಿರಬಹುದು. ಅಮ್ಮ ಯಾರೆದುರು ಕುರ್ಚಿ ಎಳೆದುಕೊಂಡು ಹೇಳಿದಳು? ಅವಳಿಗೆ ಅಣ್ಣ ಬೀದಿಗೆ ಬೀಳುವುದು ಬೇಕಿರಲಿಲ್ಲ, ಸಾಯುವುದೂ ಬೇಕಿರಲಿಲ್ಲ. ಅಮ್ಮನಿಗೆ ತಾನೇನು ಮಾಡಿದೆ ಎಂದು ಅವನ ಮೈಗೆ ಗೊತ್ತಾಗಬೇಕಿತ್ತು, ಅಷ್ಟೇ. ಬಾಯಲ್ಲಿ ಹೇಳಿದರೆ ಅವನು ಕಿವಿ ಮೇಲೆ ಹಾಕಿಕೊಳ್ಳುವವನಲ್ಲ. "ಎಣ್ಣೆ ತಿಕ್ಕಿಸ್ಕೊಳ್ಳಿ" ಎಂದು ಹೇಳಿ ಫೈಲು ಮುಚ್ಚಿದಳು. ಮಾರನೆಯ ದಿನ ನಕ್ಷೆ ಅಚ್ಚಿನವರ ಕೈಗೆ ಹೋಯಿತು.

ಮಾದರಿ ಮನೆ ತೋರಿಸುವ ದಿನ ಬೆಳಿಗ್ಗೆ ನಲವತ್ತು ಸಂಸಾರಗಳು ಬಂದಿದ್ದವು. ಹೆಚ್ಚಿನವರು ಮೂವರು ಮೂವರಾಗಿ ಬಂದಿದ್ದರು: ಗಂಡ, ಹೆಂಡತಿ, ಜೊತೆಗೆ ಯಾರದೋ ಅಪ್ಪ ಅಥವಾ ಅಮ್ಮ. ಗಂಡ ಹೆಂಡತಿ ಹಾಲ್ ನೋಡುತ್ತಿದ್ದರು, ಪ್ಲಗ್ ಎಣಿಸುತ್ತಿದ್ದರು. ಮುದುಕರು ಯಾರೋ ಕೈತೋರಿಸಿದ ಕಡೆ ನಡೆದು ಹೋಗಿ, ತಮ್ಮ ಪಾಲಿನ ಬಾಗಿಲಲ್ಲಿ ನಿಂತು ಇಣುಕುತ್ತಿದ್ದರು. ಕೋಣೆಯಲ್ಲಿ ಎರಡು ಗೋಡೆಗಳ ನಡುವೆ ಬಡಗಿ ಕೂರಿಸಿದ ಮಂಚ, ಹೊಸ ಹಾಸಿಗೆ, ಬಿಳಿ ಚಾದರ. ಹೂದಾನಿ ಸಹ ಇತ್ತು, ಥೇಟ್ ಬ್ರೋಷರಿನ ಹಾಗೆ.

"ಅಪ್ಪಾ, ಒಂದ್ಸಲ ಮಲಗಿ ತೋರ್ಸಿ" ಎಂದ ಮಗ. "ಕಟ್ಟಿದೋರೇ ಮಲಗಿದ್ರೆ ಅದಕ್ಕಿಂತ ಗ್ಯಾರಂಟಿ ಬೇಕಾ?"

ಜನ ನಕ್ಕು ದಾರಿ ಬಿಟ್ಟರು. ಅಣ್ಣ ಕೋಲು ಗೋಡೆಗೆ ಒರಗಿಸಿ, ಮದುಮಗನ ಠೀವಿಯಲ್ಲಿ ಮಂಚ ಹತ್ತಿದ. ತಲೆ ಒಂದು ಗೋಡೆಗೆ ತಗುಲಿತು. ಕಾಲು ಚಾಚಿದ, ಹಿಮ್ಮಡಿ ಇನ್ನೊಂದು ಗೋಡೆಗೆ ಬಡಿಯಿತು. ಮೈಯನ್ನು ಮೇಲಕ್ಕೆ ಸರಿಸಿದ, ಕೆಳಕ್ಕೆ ಸರಿಸಿದ, ಓರೆಯಾದ. ಆಗಲಿಲ್ಲ. ಬೇರೆ ದಾರಿಯಿಲ್ಲದೆ ಮೊಣಕಾಲು ಎರಡೂ ನಿಧಾನಕ್ಕೆ ಎದ್ದು ನಿಂತವು.

ಆಗ ಅವನ ಕಣ್ಣು ಜನರ ನಡುವೆ ತಂಗಿಯನ್ನು ಹುಡುಕಿತು. ಅವಳು ಬಾಗಿಲ ಬಳಿ ನೆಟ್ಟಗೆ ನಿಂತಿದ್ದಳು. ಅವನಿಗೆ ಗೊತ್ತಾಯಿತು. ಗೊತ್ತಾದದ್ದು ಅವಳಿಗೂ ಗೊತ್ತಾಯಿತು. ಕೂಗಾಡುವ ಹಾಗಿಲ್ಲ, ನಲವತ್ತು ಸಂಸಾರ ನೋಡುತ್ತಿದೆ, ಮಗ ಫೋನು ಹಿಡಿದು ಫೋಟೋ ತೆಗೆಯುತ್ತಿದ್ದಾನೆ.

"ಹೇಗಿದೆ ಅಪ್ಪಾ?"

"ಆ... ಆರಾಮಾಗಿದೆ" ಎಂದ ಅಣ್ಣ.

ಜನ ಚಪ್ಪಾಳೆ ತಟ್ಟಿದರು. ಅವಳಿಗೆ ಬಹುದಿನದ ಉಪವಾಸ ಮುರಿದ ಹಾಗಾಯಿತು. ಆ ಸುಖವನ್ನು ಸಣ್ಣದು ಎನ್ನುವಂತಿಲ್ಲ. ಇನ್ನೊಂದು ನಿಮಿಷ ಅದು ಹಾಗೇ ಇದ್ದಿದ್ದರೆ ಅವಳು ಮನೆಗೆ ಹೋಗಿ ಸುಖವಾಗಿ ಊಟ ಮಾಡುತ್ತಿದ್ದಳು.

"ಇದೇ ಕೋಣೆ ಪ್ರತಿಯೊಬ್ಬರಿಗೂ" ಎಂದು ಮಗ ಕೈಯೆತ್ತಿ ಸಾರಿದ. "ಈ ಅಚ್ಚು ಒಂದು ಸಲ ಮಾಡಿಸಿದ್ರೆ ಮುಗೀತು, ಹದಿನಾಲ್ಕು ಮಹಡಿಗೂ ಇದೇ. ಸೋಮವಾರ ಮೂರನೇ ಮಹಡಿ ಸುರೀತೀವಿ. ಒಂದು ಇಂಚು ಹೆಚ್ಚಿಲ್ಲ, ಒಂದು ಇಂಚು ಕಡಿಮೆ ಇಲ್ಲ!"

ತಂಗಿ ಇದನ್ನು ಎಣಿಸಿರಲಿಲ್ಲ. ಮೇಲಿನ ಮಹಡಿಗಳ ನಕ್ಷೆಯನ್ನು ತನ್ನಿಂದ ಇನ್ನೂ ಕೇಳಿಲ್ಲ, ಕೇಳಿದಾಗ 'ಮಂಚ' ಇಟ್ಟು ಸರಿಯಾಗಿ ಬರೆದುಕೊಟ್ಟರಾಯಿತು ಎಂದುಕೊಂಡಿದ್ದಳು. ಇಟ್ಟಿಗೆಯ ಕಾಲದ ಲೆಕ್ಕ ಅದು. ಆಗ ಪ್ರತಿ ಮಹಡಿಗೂ ಮೇಸ್ತ್ರಿ ಬಂದು ನಕ್ಷೆ ಕೇಳುತ್ತಿದ್ದ. ಈಗ ಯಾರೂ ಕೇಳುವುದಿಲ್ಲ. ಅಚ್ಚು ಮೇಲೆ ಹೋಗುತ್ತದೆ, ಕಾಂಕ್ರೀಟು ಬೀಳುತ್ತದೆ. ಇಪ್ಪತ್ತೇಳು ವರ್ಷ ಗೆರೆ ಎಳೆದವಳು ಇಷ್ಟು ದೊಡ್ಡದನ್ನು ನೋಡದೇ ಹೋಗಿದ್ದಳು, ಒಬ್ಬನ ಮೇಲೇ ಕಣ್ಣಿಟ್ಟುಕೊಂಡು.

ಅಣ್ಣ ಎದ್ದು ಮಂಚದ ತುದಿಯಲ್ಲಿ ಕೂತ. ಜನರ ನಡುವಿನಿಂದ ಒಬ್ಬ ಎತ್ತರದ ಹೆಂಗಸು ಮುಂದೆ ಬಂದಳು. ಶಾಲೆಯಲ್ಲಿ ಆಟದ ಟೀಚರ್ ಆಗಿ ನಿವೃತ್ತಳಾದವಳು, ಎಪ್ಪತ್ತರ ಹತ್ತಿರ, ಇನ್ನೂ ಕೊರಳಲ್ಲಿ ಸೀಟಿ ನೇತುಹಾಕಿಕೊಂಡವಳಂತೆ ನಡಿಗೆ. "ನಾನೂ ಒಂದ್ಸಲ ನೋಡ್ತೀನಪ್ಪ" ಎಂದು ಚಪ್ಪಲಿ ಕಳಚಿ ಮಲಗಿದಳು. ಅವಳ ಮೊಣಕಾಲುಗಳೂ ಎದ್ದು ನಿಂತವು. ಸೀರೆಯ ಕೆಳಗೆ ಎರಡು ಗುಡ್ಡ.

"ಸಾಲುತ್ತಾ ಅಮ್ಮ?" ಎಂದಳು ಟೀಚರಿನ ಮಗಳು, ಹಾಲ್‌ನ ಕಡೆ ನೋಡುತ್ತಲೇ.

"ಪರವಾಗಿಲ್ಲ ಬಿಡು" ಎಂದಳು ಆಟದ ಟೀಚರ್. "ಹೇಗೂ ಮುದುಡಿಕೊಂಡೇ ಮಲಗೋದು."

ಮೂಲೆಮಟ್ಟ ಜನರನ್ನು ಸರಿಸಿಕೊಂಡು ಒಳಗೆ ಬಂದಳು. ಕೈಚೀಲದಿಂದ ಟೇಪು ತೆಗೆದಳು. ಅಣ್ಣ ತಲೆಯನ್ನು ಚೂರೇ ಚೂರು ಅಲ್ಲಾಡಿಸಿದ, ಬೇಡ ಎನ್ನುವಂತೆ. ಅವಳು ಟೇಪಿನ ತುದಿಯನ್ನು ಅವನ ಮುಂದೆಯೇ ಹಿಡಿದಳು.

"ಅಣ್ಣ, ಈ ತುದಿ ಗೋಡೆಗೆ ಒತ್ತಿ ಹಿಡ್ಕೋ."

ನಾಲ್ಕು ಜನರ ಮುಂದೆ ಅವನಿಗೆ ಏಕವಚನ, ಇಪ್ಪತ್ತೇಳು ವರ್ಷದಲ್ಲಿ ಇದೇ ಮೊದಲು. ಅವನು ಅವಳ ಮುಖ ನೋಡಿದ, ಜನರ ಮುಖ ನೋಡಿದ, ಹಿಡಿದುಕೊಂಡ. ಹಿಡಿಯದೆ ಇರುವುದು ಹಿಡಿಯುವುದಕ್ಕಿಂತ ಕೆಟ್ಟದಾಗಿ ಕಾಣುತ್ತಿತ್ತು. ಅವಳು ಟೇಪು ಎಳೆದು ಆಚೆ ಗೋಡೆಗೆ ಮುಟ್ಟಿಸಿ, ಶಾಲೆಯಲ್ಲಿ ಹಾಜರಿ ಕೂಗುವವರ ಹಾಗೆ ಕೂಗಿ ಓದಿದಳು.

"ಐದೂವರೆ ಅಡಿ. ಅಂಗಡಿಯಲ್ಲಿ ಸಿಗೋ ಮಂಚ ಆರೂಕಾಲು. ಇಲ್ಲಿ ಹಿಡಿಸಲ್ಲ. ಉದ್ದಕ್ಕೆ ಹಾಕಿದ್ರೆ ಬಚ್ಚಲು ಬಾಗಿಲು ತೆರೆಯಲ್ಲ. ಗೋಡೆ ಒಡೆಯೋಕಾಗಲ್ಲ. ಮೇಲಿನ ಮಹಡಿ ಇನ್ನೂ ಸುರಿದಿಲ್ಲ, ಅದು ನಿಮ್ಮ ಪುಣ್ಯ."

"ಅತ್ತೆ, ಏನ್ ಮಾತಾಡ್ತಿದೀರಾ!" ಎಂದ ಮಗ.

"ಅಳತೆ ಮಾತಾಡ್ತಿದೀನಿ."

"ಬ್ರೋಷರಲ್ಲಿ ಸರಿಯಾಗೇ ಕೂತಿತ್ತಲ್ಲ ಮಂಚ?" ಯಾರೋ ಕೇಳಿದರು.

"ಅದೂ ಇದೇ ಮಂಚ. ಇಪ್ಪತ್ತೆರಡು ವರ್ಷದಿಂದ ಇದೇ. ಬರೆದೋಳು ನಾನು, ಬರೆಸಿದೋರು ಇವರು. ಈ ಕೋಣೆ ಹೀಗೆ ಮಾಡಿದ್ದೂ ನಾನೇ, ಬೇಕಂತಲೇ. ಅದು ನಮ್ಮನೆ ವಿಷಯ. ನಿಮ್ಮದಕ್ಕೆ ಟೇಪು ತಗೊಂಡು ಬನ್ನಿ."

ಆಟದ ಟೀಚರ್ ಎದ್ದು ಕೂತು ಚಪ್ಪಲಿ ಮೆಟ್ಟಿಕೊಂಡಳು. ಆಮೇಲೆ ಅಲ್ಲಿ ಎದ್ದ ಗದ್ದಲವನ್ನು ವರ್ಣಿಸಬೇಕಾಗಿಲ್ಲ. ಸೋಮವಾರ ಕಾಂಕ್ರೀಟು ಸುರಿಯಲಿಲ್ಲ. ಅಚ್ಚಿನ ಹಲಗೆಗಳನ್ನು ಬದಲಿಸಬೇಕಾಯಿತು, ಪ್ರತಿ ಮನೆಯ ಹಾಲ್‌ನಿಂದ ಒಂದು ಮೇಜಿನಷ್ಟು ಜಾಗ ಹಿರಿಯರ ಕೋಣೆಗೆ ವಾಪಸ್ಸು ಹೋಯಿತು. ಅಣ್ಣನ ಮಗ ಅತ್ತೆಗೆ, "ನೀವಿನ್ನು ಮನೆಯಲ್ಲಿ ವಿಶ್ರಾಂತಿ ತಗೊಳ್ಳಿ" ಎಂದ. ಅವಳು ಟೇಪು ಚೀಲಕ್ಕೆ ಹಾಕಿಕೊಂಡು ಹೊರಟಳು. ಈಗ ಜನ ಬೇರೆ ಬೇರೆ ಕಂಪನಿಗಳ ಬ್ರೋಷರು ಹಿಡಿದುಕೊಂಡು ಅವಳ ಬಾಡಿಗೆ ಮನೆಗೆ ಬರುತ್ತಾರೆ; ಅವಳು ಮೊದಲು ಮಂಚ ಅಳೆಯುತ್ತಾಳೆ.

ಎರಡನೇ ಮಹಡಿಯ ಆ ಒಂದು ಕೋಣೆ ಮಾತ್ರ ಇದ್ದ ಹಾಗೇ ಇತ್ತು. ಕಾಂಕ್ರೀಟು ಗಟ್ಟಿಯಾಗಿತ್ತು, ದೊಡ್ಡ ಮನೆ ಮಾರಿಯಾಗಿತ್ತು.

ಅಣ್ಣ ಅಲ್ಲಿಗೆ ಹೋದ ಹನ್ನೆರಡನೆಯ ದಿನ ಫೋನು ಮಾಡಿ ಬರಹೇಳಿದ. ಮಧ್ಯಾಹ್ನ ಹೋದಳು. ಬೇರೆ ಬಾಗಿಲು, ಬೇರೆ ಕರೆಗಂಟೆ. ಅವನು ಮಂಚದ ಮೇಲೆ ಮಲಗಿದ್ದ, ಚಾದರದ ಕೆಳಗೆ ಮೊಣಕಾಲು ಎದ್ದಿದ್ದವು. ಗೋಡೆಯಾಚೆ ಸೊಸೆ ಯಾರೊಂದಿಗೋ ಜೋರಾಗಿ ಕೆಲಸದ ಮಾತಾಡುತ್ತಿದ್ದಳು.

"ಹಾಲ್‌ನಲ್ಲಿ ಮಲಗ್ತೀನಿ ಅಂದ್ರೆ, ದಿನವಿಡೀ ಅವಳ ಮೀಟಿಂಗು" ಎಂದ. "ಮಂಚ ತಿರುಗಿಸಿ ಹಾಕಿದ್ರೆ ಬಚ್ಚಲು ಬಾಗಿಲು ತಗುಲುತ್ತೆ. ನಾನು ರಾತ್ರಿ ನಾಲ್ಕು ಸಲ ಏಳೋನು."

"ಗೊತ್ತು."

"ಗೊತ್ತಿದ್ದೇ ಮಾಡ್ದೆ."

"ಗೊತ್ತಿದ್ದೇ ಮಾಡ್ದೆ" ಎಂದಳು ಅವಳೂ.

ಅವನು ಚಾವಣಿ ನೋಡುತ್ತ ಮಲಗಿದ್ದ. ಹಾಗೇ ಕೇಳಿದ.

"ಅಮ್ಮ ಎಷ್ಟು ದಿನ ಮಲಗಿದ್ಲು, ಅದರಲ್ಲಿ?"

"ಮೂರು ವರ್ಷ ನಾಲ್ಕು ತಿಂಗಳು."

ಅವನ ಕಣ್ಣಿನ ಮೂಲೆಯಿಂದ ನೀರು ಇಳಿದು ಕಿವಿಯ ಕಡೆ ಹೋಯಿತು. "ನಂಗೆ ಹನ್ನೆರಡು ದಿನ" ಎಂದ.

ಅವಳಿಗೆ ಸಮಾಧಾನವಾಯಿತೇ ಎಂದರೆ ಆಯಿತು, ಸುಳ್ಳೇಕೆ. ಅಳುವೂ ಬಂತು, ಅದನ್ನು ಅವನೆದುರು ಅಳಲಿಲ್ಲ. ಕುರ್ಚಿಯ ಮೇಲಿದ್ದ ದಿಂಬು ತೆಗೆದು, ಅಮ್ಮನಿಗೆ ಇಡುತ್ತಿದ್ದ ಹಾಗೆಯೇ ಎರಡು ಮೊಣಕಾಲಿನ ಕೆಳಗೆ ಇಟ್ಟಳು.

"ನೋವು ಹೋಗಲ್ಲ" ಎಂದಳು. "ನಿದ್ದೆ ಬರುತ್ತೆ."

"ಮತ್ತೆ ಬರ್ತೀಯಾ?"

"ವಾರಕ್ಕೊಂದ್ಸಲ. ಅಮ್ಮನ ಹತ್ರ ಬರ್ತಿದ್ದ ಹಾಗೇ." ಅವಳು ಚೀಲ ಹೆಗಲಿಗೆ ಹಾಕಿಕೊಂಡಳು. "ದಿನ ಎಣಿಸ್ತಾ ಇರು ಅಣ್ಣ. ಇನ್ನೂ ತುಂಬಾ ಇದೆ."

ಹೊರಡುವಾಗ ಬಚ್ಚಲಿನ ಬಾಗಿಲನ್ನು ಒಮ್ಮೆ ತೆರೆದು ನೋಡಿದಳು. ಅದು ಎಲ್ಲೂ ತಗುಲದೆ ಗೋಡೆಯವರೆಗೆ ತೆರೆದುಕೊಂಡಿತು.